ಒಂದನ್ನು ನಂಬದ ಮಾಮಾ

ನಮ್ಮ ಮಾಮಾನಿಗೆ ಒಂದು ಎಂಬ ಸಂಖ್ಯೆ ಕಂಡರೆ ಆಗುವುದಿಲ್ಲ. ಹಾವು ಮುಂಗುಸಿಯ ವೈರ! ಚಿಕ್ಕೋಡಿಯಲ್ಲಿರುವ ಅವರ ಮನೆಯ ಮುಂಬಾಗಿಲಿಗೆ ಐದು ಕೀಲಿಕೈಗಳಿವೆ. ಒಂದು ಅವರ ಅಂಗಿಯ ಜೇಬಿನಲ್ಲಿ, ಒಂದು ಮಾಮಿಯ ಸೆರಗಿನ ತುದಿಯಲ್ಲಿ, ಒಂದು ಎದುರುಮನೆಯಲ್ಲಿ, ಒಂದು ಮೂಲೆಯ ಕಿರಾಣಿ ಅಂಗಡಿಯಲ್ಲಿ, ಇನ್ನೊಂದು ಕಾಗವಾಡದಲ್ಲಿ ನನ್ನ ಹತ್ತಿರ! ಚಿಕ್ಕೋಡಿಯಲ್ಲಿ ಬಾಗಿಲು ತೆರೆಯಲಾಗದೆ ನಿಂತವರು ಹೊಳೆ ದಾಟಿ ಕಾಗವಾಡಕ್ಕೆ ಬಂದು ಕೀಲಿಕೈ ಒಯ್ಯುತ್ತಾರೆಯೇ? ಹಾಗೆಂದು ಕೇಳಿದರೆ, "ಇರ್ಲಿ ಬಿಡವಾ, ಅದೇನು ನಿನಗ ಊಟಾ ಕೇಳ್ತೈತೇನು?" ಎನ್ನುತ್ತಾರೆ.

ಕನ್ನಡಕದ ಕಥೆಯೂ ಇದೇ. ದೇವರ ಮನೆಯಲ್ಲಿ ಒಂದು, ದಿಂಬಿನ ಕೆಳಗೊಂದು, ಕ್ಷೌರದ ಅಂಗಡಿಯ ಕನ್ನಡಿಯ ಹಿಂದೊಂದು. ಛತ್ರಿಗಳಂತೂ ಊರೆಲ್ಲ ಹಂಚಿಹೋಗಿವೆ. ಮಳೆ ಬಂದರೆ ಚಿಕ್ಕೋಡಿಯ ಯಾವ ಓಣಿಯಲ್ಲಿದ್ದರೂ ಮಾಮಾ ನೆನೆಯುವುದಿಲ್ಲ. ಒಮ್ಮೆ ನಾನು ತಮಾಷೆಗೆ, "ಹಂಗಾದ್ರ ಲಗ್ನಾ ಒಂದ ಯಾಕ ಮಾಡ್ಕೊಂಡ್ರಿ ಮಾಮಾ?" ಎಂದು ಕೇಳಿದೆ. ಅವರು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಮಾಮಿಯ ಉತ್ತರ ಬಂತು: "ನಾ ಒಬ್ಬಾಕಿನ ಐದ ಮಂದೀ ಕೆಲಸಾ ಮಾಡ್ತೀನಲ್ಲ, ಅದಕ್ಕ!"

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ಅವ್ವ ನನ್ನನ್ನು ಹೆತ್ತ ದಿನವೇ ಹೋದಳಂತೆ. ಮಾಮಾ, ಮಾಮಿಯರೇ ನನ್ನನ್ನು ಬೆಳೆಸಿದರು, ಓದಿಸಿದರು, ಕಾಗವಾಡದ ಮನೆಗೆ ಮದುವೆ ಮಾಡಿಕೊಟ್ಟರು. ಈಗ ನಾನು ಅಲ್ಲಿಯೇ ಶಾಲೆಯ ಟೀಚರು. ಮಾಮಾ ಟೆಲಿಫೋನ್ ಖಾತೆಯಲ್ಲಿ ಕಂಬ ಹತ್ತುತ್ತಾ, ವಾಯರ್ ಜೋಡಿಸುತ್ತಾ ಆಯುಷ್ಯ ಕಳೆದವರು. ನಿವೃತ್ತಿಯಾದ ಮೇಲೆ ಎಲ್ಲರ ಹಾಗೆ ಕಟ್ಟೆಯ ಮೇಲೆ ಕುಳಿತು ರಾಜಕೀಯ ಮಾತಾಡಿಕೊಂಡು ಇರಬಹುದಿತ್ತಲ್ಲ? ಇಲ್ಲ! ಹಳೆಯ ಕಂಪ್ಯೂಟರ್ ಪೆಟ್ಟಿಗೆಗಳನ್ನು ತಂದು ಪಡಸಾಲೆಯ ತುಂಬ ಬಿಚ್ಚಿ ಹರಡಿಕೊಂಡರು. ಮೊಬೈಲಿನಲ್ಲಿ ಯಾರ ಯಾರದೋ ಪಾಠಗಳನ್ನು ನೋಡಿದರು, ಕಲಿತರು, ಕೆಡಿಸಿದರು, ಮತ್ತೆ ಕಲಿತರು. ಕೊನೆಗೊಂದು ದಿನ ನನಗೆ ಫೋನ್ ಮಾಡಿ, "ಕ್ಲಸ್ಟರ್ ಮಾಡಾಕತ್ತೀನವಾ" ಎಂದರು. ನಮ್ಮ ಮಾಸ್ತರಿಕೆಯಲ್ಲಿ ಕ್ಲಸ್ಟರ್ ಎಂದರೆ ಹತ್ತಾರು ಶಾಲೆಗಳ ಗುಂಪು, ಒಂದು ಮೀಟಿಂಗು, ಚಹಾ, ಬಿಸ್ಕೀಟು. ಈ ವಯಸ್ಸಿನಲ್ಲಿ ಮಾಮಾನಿಗೆ ಶಾಲೆ ನಡೆಸುವ ಹುಚ್ಚು ಏಕೆ ಹಿಡಿಯಿತು ಎಂದು ನಾನು ಗಾಬರಿಯಾದೆ.

ಅದು ಶಾಲೆಯಲ್ಲ, ರಕ್ತ ಕೊಡುವವರ ಪಟ್ಟಿ. ನಮ್ಮ ಭಾಗದ ಐದು ತಾಲೂಕುಗಳಲ್ಲಿ ಯಾರ ರಕ್ತ ಯಾವ ಗುಂಪಿನದು, ಯಾರು ಯಾವಾಗ ಕೊಟ್ಟಿದ್ದಾರೆ, ಇವತ್ತು ಕರೆದರೆ ಯಾರು ಬಂದಾರು, ಇಷ್ಟೇ. ಆದರೆ ಆ ಪಟ್ಟಿಯನ್ನು ಒಂದು ಕಂಪ್ಯೂಟರಿನಲ್ಲಿ ಇಟ್ಟರೆ ಅವರು ನಮ್ಮ ಮಾಮಾ ಹೇಗಾದಾರು? ಐದು ಊರಿಗೆ ಐದು ಪೆಟ್ಟಿಗೆ. ಚಿಕ್ಕೋಡಿಯದು ಸ್ವಂತ ಮನೆಯಲ್ಲಿ. ನಿಪ್ಪಾಣಿಯದು ಹಳೆಯ ಗೆಳೆಯರೊಬ್ಬರ ತಂಬಾಕಿನ ವಖಾರಿಯಲ್ಲಿ. ರಾಯಬಾಗದ್ದು ಮಾಮಿಯ ತಂಗಿಯ ಮನೆಯಲ್ಲಿ. ಅಥಣಿಯದು ಇನ್ನೊಬ್ಬ ಗೆಳೆಯರ ಚಪ್ಪಲಿ ಅಂಗಡಿಯಲ್ಲಿ. ಕಾಗವಾಡದ್ದು ನಮ್ಮ ಮನೆಯ ಟೀವಿಯ ಪಕ್ಕದಲ್ಲಿ.

ಒಂದು ಪೆಟ್ಟಿಗೆಯಲ್ಲಿ ಬರೆದದ್ದು ತಾನಾಗಿಯೇ ಉಳಿದ ನಾಲ್ಕಕ್ಕೂ ಹೋಗುತ್ತದೆ. ಒಂದು ಕೆಟ್ಟರೆ ಉಳಿದವು ಉತ್ತರ ಹೇಳುತ್ತವೆ. "ಪಂಚರ ಗತೆ ತಿಳಕೋ" ಎಂದು ಮಾಮಾ ನನಗೆ ವಿವರಿಸಿದರು. "ಐದರಾಗ ಮೂರ ಮಂದಿ ಹೌದಂದ್ರ ಹೌದು. ಮೂರು ಕೂಡಲಿಲ್ಲಂದ್ರ ಯಾರೂ ಬಾಯಿ ಬಿಡಂಗಿಲ್ಲ." ಪೆಟ್ಟಿಗೆಗಳು ತಮ್ಮೊಳಗೇ ಒಂದನ್ನೊಂದು "ಅದೀಯೇನು? ಅದೀಯೇನು?" ಎಂದು, ಅಂದರೆ ಇದ್ದೀಯಾ ಎಂದು, ಕ್ಷಣಕ್ಷಣಕ್ಕೂ ಕೇಳುತ್ತಿರುತ್ತವಂತೆ. ಉತ್ತರ ಬಾರದಿದ್ದರೆ ಅದು ಸತ್ತಿದೆ ಎಂದು ಲೆಕ್ಕ.

ಪೆಟ್ಟಿಗೆ ಇಟ್ಟ ಪ್ರತಿ ಮನೆಯಲ್ಲೂ ಮಾಮಾ ಹೊರಡುವಾಗ ಕೈ ಮುಗಿದು ಒಂದೇ ಮಾತು ಹೇಳಿದ್ದರು: "ಇದನ್ನ ದೇವರಂಗ ನೋಡ್ಕೋರಿ." ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಆಮೇಲೆ ಬೇಕಾಗುತ್ತದೆ.

ಅಂದಿನಿಂದ ನನಗೆ ದಿನಾ ಬೆಳಿಗ್ಗೆ ಮಾಮಾನ ಫೋನು ಶುರುವಾಯಿತು. ಡಬ್ಬಿಗೆ ರೊಟ್ಟಿ ಹಾಕುವ ಹೊತ್ತಿಗೆ ಸರಿಯಾಗಿ ಬರುತ್ತದೆ.

"ಅದೀಯೇನವಾ?"

"ಅದೀನ್ರಿ ಮಾಮಾ."

"ಹಂ." ಮುಗಿಯಿತು! ಊಟ ಆಯಿತೇ, ಆರಾಮವೇ, ಏನೂ ಇಲ್ಲ. ನಮ್ಮ ಯಜಮಾನರು, "ಹಾಜರಿ ಆತೇನು ಟೀಚರದು?" ಎಂದು ನಗುತ್ತಾರೆ. ಪೆಟ್ಟಿಗೆ ಜೀವಂತ ಇದೆಯೋ ಇಲ್ಲವೋ ಎಂದು ವಿಚಾರಿಸುವ ರೀತಿ ಇದು ಎಂದುಕೊಂಡು ನಾನೂ ಒಮ್ಮೊಮ್ಮೆ, "ಅದೂ ಐತ್ರಿ, ದೀಪಾ ಹತ್ತೇತಿ" ಎಂದು ಸೇರಿಸುತ್ತಿದ್ದೆ.

ಇನ್ನು ಈ ಪಂಚರ ಕಾರಭಾರ ಕೇಳಿ. ಐದು ಪೆಟ್ಟಿಗೆಗಳಲ್ಲಿ ಒಂದು ಮುಂದಾಳು ಆಗಬೇಕು, ಉಳಿದವು ಅದರ ಮಾತು ಕೇಳಬೇಕು. ಮುಂದಾಳು ಸುಮ್ಮನಾದರೆ ಉಳಿದವು ಮತ ಹಾಕಿ ಬೇರೆಯದನ್ನು ಆರಿಸುತ್ತವೆ. ಒಂದು ದಿನ ಮಾಮಾ ಮಾತಿಗೆ ಮಾತು ಬಂದು ನಿಪ್ಪಾಣಿಯ ಗೆಳೆಯರಿಗೆ, "ಇವತ್ತ ನಿಮ್ಮ ಪೆಟಗೀನ ಲೀಡರ್ ಆಗೈತಿ ನೋಡ್ರಿ" ಎಂದುಬಿಟ್ಟರು. ಆ ಗೆಳೆಯರಿಗೆ ಸಂತೋಷ ಉಕ್ಕಿದರೆ ಮರಾಠಿ ಬರುತ್ತದೆ. "ಅರೇ ವ್ಹಾ! ಆಪಲಾ ಮಾಣೂಸ ನಿವಡೂನ ಆಲಾ!" ನಮ್ಮವನೇ ಆರಿಸಿ ಬಂದ! ಎಂದವರೇ ವಖಾರಿಯ ಮಂದಿಗೆಲ್ಲ ಪೇಢೆ ಹಂಚಿದರು. ಪೆಟ್ಟಿಗೆಗೆ ಗುಲಾಲು ಹಾಕುವವರನ್ನು ಯಾರೋ ಪುಣ್ಯಾತ್ಮರು ತಡೆದರಂತೆ. ಮಧ್ಯಾಹ್ನ ನಿಪ್ಪಾಣಿಯಲ್ಲಿ ಕರೆಂಟು ಹೋಯಿತು. ಅಧಿಕಾರ ಅಥಣಿಗೆ ಹೋಯಿತು! ನಿಪ್ಪಾಣಿಯವರು ಎಷ್ಟೋ ದಿನ ಮಾಮಾನ ಫೋನು ಎತ್ತಲಿಲ್ಲ. ಎತ್ತಿದಾಗ ಕೇಳಿದ್ದು ಒಂದೇ: "ನಮ್ಮನ್ನ ಇಳಿಸಿದವರು ಯಾರ್ಯಾರು, ಹೆಸರ ಹೇಳ್ರಿ."

ರಾಯಬಾಗದ ರೋಗ ಬೇರೆ. ಅಲ್ಲಿ ಬರೆದದ್ದನ್ನು ಬೇರೆ ಊರಿನವರು ತಿದ್ದಿದರೆ ಆ ತಿದ್ದುಪಡಿ ನಿಲ್ಲುತ್ತಲೇ ಇರಲಿಲ್ಲ. ಚಿಂಚಲಿಯ ಒಬ್ಬ ತರುಣ ತಯಾರಿದ್ದಾನೆ ಎಂದು ರಾಯಬಾಗದವರು ಬರೆದರು. ಐದು ನಿಮಿಷಕ್ಕೆ, ಆತ ಈಗಷ್ಟೇ ರಕ್ತ ಕೊಟ್ಟಿದ್ದಾನೆ ಎಂಬ ಸುದ್ದಿ ಬಂದು ನಿಪ್ಪಾಣಿಯವರು ತಿದ್ದಿದರು. ನೋಡಿದರೆ ಮತ್ತೆ "ತಯಾರಿದ್ದಾನೆ"! ಇದು ನಗುವ ಮಾತಲ್ಲ. ಸುಳ್ಳು ಹೆಸರು ನಂಬಿಕೊಂಡು ರೋಗಿಯ ಕಡೆಯವರು ಅತ್ತ ಓಡಿದರೆ ಆ ಹೊತ್ತನ್ನು ತಂದುಕೊಡುವವರು ಯಾರು? ಮಾಮಾನಿಗೆ ಊಟ ಸೇರದಾಯಿತು. ರಾಯಬಾಗಕ್ಕೆ ಹೋಗಿ ಕೇಬಲ್ ಬದಲಿಸಿದರು, ಪೆಟ್ಟಿಗೆಯನ್ನು ಬಿಚ್ಚಿ ಊದಿದರು, ಅದರ ಮುಂದೆ ಕುಳಿತು ದಿಟ್ಟಿಸಿದರು. ಏನೂ ಸಿಗಲಿಲ್ಲ. ಸೋತು ಹೊರಟರು. ಗೋಡೆಯ ಗಡಿಯಾರ ನೋಡಿ, ಬಸ್ಸು ತಪ್ಪಿತೆಂದು ಚೀಲ ಬಗಲಲ್ಲಿಟ್ಟು ಸ್ಟ್ಯಾಂಡಿನವರೆಗೆ ಓಡಿದರೆ, ಬಸ್ಸಿನ್ನೂ ಬಂದೇ ಇಲ್ಲ! ಮಾಮಾ ತಮ್ಮ ಕೈಗಡಿಯಾರ ನೋಡಿಕೊಂಡರು. ಬಂದ ಬಸ್ಸನ್ನು ಬಿಟ್ಟು ಅದೇ ವೇಗದಲ್ಲಿ ಓಡುತ್ತಾ ತಿರುಗಿ ಆ ಮನೆಗೇ ಬಂದರು.

"ಈ ಗಡಿಯಾರ ಎಷ್ಟ ಮುಂದ ಐತಿ?"

"ಹತ್ತ ನಿಮಿಷರಿ ಭಾವಾರ" ಎಂದರು ಮಾಮಿಯ ತಂಗಿ. "ಬಸ್ ತಪ್ಪಬಾರದಂತ ನಮ್ಮನ್ಯಾಗ ಎಲ್ಲಾ ಗಡಿಯಾರಾನೂ ಹಂಗ ಇಟ್ಟೇವಿ."

"ಈ ಪೆಟಗೀದು?"

"ಅದೊಂದ ಹಿಂದ ಇತ್ತರಿ, ಪಾಪ. ಅದನ್ನೂ ಸರಿ ಮಾಡೇವಿ!"

ಯಾವುದನ್ನು ಕಡೆಗೆ ಬರೆದಿದ್ದಾರೋ ಅದೇ ಖರೆ ಎಂಬುದು ಪೆಟ್ಟಿಗೆಗಳ ನಿಯಮ. ರಾಯಬಾಗ ಯಾವಾಗಲೂ ಹತ್ತು ನಿಮಿಷ ಮುಂದೆ ಇದ್ದದ್ದರಿಂದ ಅದರ ಮಾತೇ ಕಡೆಯ ಮಾತಾಗುತ್ತಿತ್ತು. ಚಿಕ್ಕೋಡಿಗೆ ಬಂದ ಮಾಮಾ ಮಾಮಿಯ ಮುಂದೆ ನಿಂತು, "ನಿಮ್ಮ ತವರಮನಿಯವರದು ಯಾವಾಗ್ಲೂ ಕಡೀ ಮಾತು!" ಎಂದು ಘೋಷಿಸಿದರು. ಮಾಮಿ ಸೊಪ್ಪು ಸೋಸುತ್ತಾ ತಲೆ ಎತ್ತದೆ, "ಈಗ ಗೊತ್ತಾತೇನ್ರಿ?" ಎಂದರು.

ನನಗೂ ಒಮ್ಮೆ ಮಾಮಾನ ಮೇಲೆ ಸಿಟ್ಟು ಬಂದಿತ್ತು. ಮಳೆಗಾಲದಲ್ಲಿ ಕೃಷ್ಣೆ ತುಂಬಿ ಎಲ್ಲೋ ಕೇಬಲ್ಲು ಕಡಿದು, ಹೊಳೆಯ ಆ ಕಡೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ ಮೂರೂ, ಈ ಕಡೆ ಅಥಣಿ, ಕಾಗವಾಡ ಎರಡೇ ಉಳಿದೆವು. ನನ್ನ ಪೆಟ್ಟಿಗೆ ನಾನು ಹೇಳಿದ್ದನ್ನು ಬರೆದುಕೊಳ್ಳಲೂ ಒಲ್ಲದು, ಕೇಳಿದ್ದಕ್ಕೆ ಉತ್ತರಿಸಲೂ ಒಲ್ಲದು. ಫೋನ್ ಮಾಡಿ ಜಗಳ ತೆಗೆದೆ.

"ನನ್ನ ಮನ್ಯಾಗಿನ ಪೆಟಗಿ, ನನ್ನ ಕರೆಂಟು. ನನಗ ಯಾಕ ಮಾತಾಡವಲ್ದು?"

"ನೀವು ಇಬ್ರ ಅದೀರಿ. ನಾವು ಮೂರ ಮಂದಿ. ಹೊಳಿ ಇಳಿಯೂತನಕ ಸುಮ್ಮ ಕುಂಡ್ರಿ."

"ಹಳೇದಾದ್ರೂ ಹೇಳಬೇಕಿಲ್ಲೋ?"

ಮಾಮಾ ಆಗ ಮೆಲ್ಲಗೆ ಹೇಳಿದರು: "ಹಳೇದನ್ನ ಖರೇ ಅಂತ ಹೇಳೂದಕ್ಕಿಂತ ಗೊತ್ತಿಲ್ಲ ಅನ್ನೂದು ಛಲೋ ಬೇ. ಕೇಳಾಂವಗ ಮುಂದಿನ ಹಾದಿ ಹಿಡಿಯಾಕರ ಟೈಮ ಉಳೀತೈತಿ." ನಾನು ಫೋನ್ ಇಟ್ಟೆ.

ಹೀಗೆ ಕರೆಂಟು, ಗಡಿಯಾರ, ಹೊಳೆ ಎಲ್ಲಕ್ಕೂ ಮಾಮಾ ಒಂದೊಂದು ಉಪಾಯ ಮಾಡಿದರು. ಬ್ಯಾಟರಿ ಹಾಕಿದರು. ಇಲಿ ಬಾರದಂತೆ ಜಾಳಿಗೆ ಕಟ್ಟಿದರು. ಅಥಣಿಯ ಅಂಗಡಿಗೆ ಒಂದೇ ಕೀಲಿಕೈ ಇದೆ ಎಂದು ತಿಳಿದ ದಿನ ಅವರಿಗೆ ನಿದ್ದೆ ಬರಲಿಲ್ಲ. ಮರುದಿನವೇ ಬಸ್ಸು ಹತ್ತಿ ಹೋಗಿ, ಇನ್ನೊಂದು ಮಾಡಿಸಿ, ಎದುರಿನ ಚಹಾದಂಗಡಿಯವರ ಹತ್ತಿರ ಇಡಿಸಿ ಬಂದರು. ಅಂಗಡಿಯ ಗೆಳೆಯರು, "ನನ್ನ ಅಂಗಡಿ ನನಗಿಂತ ಮೊದಲ ಅವನ ತಗೀಲೇನು?" ಎಂದು ಗೊಣಗಿದ್ದನ್ನು ನಾವೆಲ್ಲ ವರ್ಷವಿಡೀ ಹೇಳಿಕೊಂಡು ನಕ್ಕೆವು. ಮಾಮಾನ ಕಣ್ಣು ತಪ್ಪಿಸಿ ಈ ಐದೂ ಪೆಟ್ಟಿಗೆಗಳನ್ನು ಒಟ್ಟಿಗೆ ಕೆಡಿಸಬಲ್ಲ ಶಕ್ತಿ ಭೂಮಿಯ ಮೇಲೆ ಇರಲಿಲ್ಲ. ಇತ್ತು. ಭಕ್ತಿ!

ದಸರೆಯ ಖಂಡೇಪೂಜೆಯ ದಿನ. ನಮ್ಮ ಕಡೆ ಅಂದು ಕುಡುಗೋಲು, ಕುಂಟೆ, ಟ್ರ್ಯಾಕ್ಟರು, ಹೊಲಿಗೆಯಂತ್ರ ಎಲ್ಲವನ್ನೂ ಒರೆಸಿ, ವಿಭೂತಿ ಬಳಿದು, ಹೂ ಏರಿಸಿ ಪೂಜೆ ಮಾಡುತ್ತೇವೆ. ಪೂಜೆಗೆ ಕೂತದ್ದನ್ನು ಮರುದಿನ ಬನ್ನಿ ಮುಡಿಯುವ ತನಕ ಮುಟ್ಟುವಂತಿಲ್ಲ. ಅದಕ್ಕೂ ಒಂದು ದಿನ ವಿಶ್ರಾಂತಿ. ಕಳೆದ ದಸರೆಗೆ ನಾನು ಕಾಗವಾಡದ ನಮ್ಮ ಮನೆಯಲ್ಲಿ ಬೆಳಿಗ್ಗೆಯೇ ಪೂಜೆ ಮುಗಿಸಿ, ಯಜಮಾನರನ್ನು ಮನೆಯಲ್ಲಿ ಬಿಟ್ಟು, ಚಿಕ್ಕೋಡಿಗೆ ಬಂದಿದ್ದೆ. ಮಧ್ಯಾಹ್ನ ಹೋಳಿಗೆ ಊಟ ಮಾಡಿ ಮಾಮಾ ಕೈ ಒರೆಸಿಕೊಳ್ಳುತ್ತಿದ್ದಾಗ ಫೋನ್ ಬಂತು. ಪಾಲಬಾವಿಯ ಬಾಣಂತಿ, ಮಿರಜಿನ ಆಸ್ಪತ್ರೆಗೆ ಒಯ್ದಿದ್ದಾರೆ, ರಕ್ತ ಹೋಗುತ್ತಲೇ ಇದೆ, ಗುಂಪು ಓ ನೆಗೆಟಿವ್, ಅಲ್ಲಿ ಸಾಲದು. ಮಾತಾಡುತ್ತಿದ್ದವನು ಅವಳ ಅಣ್ಣ. "ಲಗೂ ನೋಡ್ರಿ ಯಪ್ಪಾ" ಎನ್ನುವುದು ನನಗೂ ಕೇಳಿಸಿತು.

ಮಾಮಾ ಒಳಕೋಣೆಗೆ ಹೋದವರು ಅಲ್ಲಿಯೇ ನಿಂತರು. ಪೆಟ್ಟಿಗೆಯ ಹಣೆಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೆ ಚೆಂಡುಹೂವಿನ ಮಾಲೆ, ಮುಂದೆ ಎರಡು ಹೋಳು ಕಾಯಿ. ದೀಪ ಎಣ್ಣೆಯದು ಮಾತ್ರ ಉರಿಯುತ್ತಿತ್ತು. ಪೆಟ್ಟಿಗೆಯದು ಆರಿತ್ತು.

"ನೀವು ಬಂದ್ ಮಾಡೀರೇನು?"

"ಪೂಜಿ ಅಲ್ಲೇನ್ರಿ?" ಎಂದರು ಮಾಮಿ.

ಮಾಮಾ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಕಾಗವಾಡದ ಪೆಟ್ಟಿಗೆಗೆ ನಾನು ಮಾಲೆಯ ಜೊತೆಗೆ ಒಂದು ಜರಿ ಖಣವನ್ನೂ ಹೊದಿಸಿ ಬಂದಿದ್ದೆ. ಅವರು ರಾಯಬಾಗಕ್ಕೆ ಫೋನ್ ಹಚ್ಚಿದರು. ಅಲ್ಲಿಯೂ ಪೂಜೆ. ನಿಪ್ಪಾಣಿಯವರು ಫೋನೇ ಎತ್ತಲಿಲ್ಲ. ಅಥಣಿಯವರು ಪೂಜೆ ಮುಗಿಸಿ, ಅಂಗಡಿಗೆ ಕೀಲಿ ಹಾಕಿ, ಬೀಗರೂರಿಗೆ ಹೋಗಿದ್ದರು. ಯಾರೂ ಯಾರನ್ನೂ ಕೇಳಿರಲಿಲ್ಲ, ಯಾರೂ ಯಾರಿಗೂ ಹೇಳಿರಲಿಲ್ಲ. ದೇವರಂಗ ನೋಡ್ಕೋರಿ ಎಂದಿದ್ದರಲ್ಲ, ಐದು ಊರಿನವರೂ ಹಾಗೆಯೇ ನೋಡಿಕೊಂಡಿದ್ದರು!

ಮಾಮಿ ಅಡ್ಡ ಬರುತ್ತಾರೆ ಎಂದು ನಾನು ಹೆದರಿದ್ದೆ. ವ್ರತ, ಮಡಿ ಎಂದರೆ ಬಲು ಗಟ್ಟಿ ನಮ್ಮ ಮಾಮಿ. ಅವರು ಕೇಳಿದ್ದು ಇಷ್ಟೇ: "ಯಾರಿಗೆ?"

"ಬಾಣಂತಿಗೆ. ಅವರಣ್ಣ ಮಾತಾಡಿದ."

ಮಾಮಿ ತಾವೇ ಮುಂದೆ ಬಂದು, ಕೈ ಮುಗಿದು, ಮಾಲೆ ತೆಗೆದು ಬದಿಗಿಟ್ಟು, ಗುಂಡಿ ಒತ್ತಿದರು. "ಪೂಜಿ ಮಾಡಿಸ್ಕೊಂಡ ದೇವರು ಕೆಲಸಾ ಮಾಡ್ಲಿ" ಎಂದರು.

ಒಂದಾಯಿತು. ನಾನು ಯಜಮಾನರಿಗೆ ಫೋನ್ ಮಾಡಿ ಖಣ ತೆಗೆಸಿದೆ. ಎರಡಾಯಿತು. ಪರದೆಯ ಮೇಲೆ ಎರಡು ಹಸಿರು ಚುಕ್ಕೆ, ಆದರೆ ಹೆಸರುಗಳು ಇಲ್ಲ. ಮೂರು ಕೂಡದೆ ಅವು ಬಾಯಿ ಬಿಡುವುದಿಲ್ಲವಲ್ಲ! ರಾಯಬಾಗದಲ್ಲಿ ಮಾಮಿಯ ತಂಗಿ ಗುಂಡಿ ಒತ್ತಿದರು, ಒತ್ತಿದರು, ಏನೂ ಆಗಲಿಲ್ಲ. "ಛಲೋತ್ನಾಗಿ ತೊಳದಿದ್ದೆ ಅಕ್ಕಾ, ಒಳಗೂ ಒದ್ದಿ ಅರಿವೀಲೆ ಒರಸೇನಿ" ಎಂದು ಅಳುವ ದನಿಯಲ್ಲಿ ಹೇಳಿದರು. ಮಾಮಾನ ಹಣೆಯ ಮೇಲೆ ಬೆವರು. ಅಣ್ಣನ ಫೋನು ಮತ್ತೆ ಬಂತು. ಮಾಮಾ ಅವನಿಗೆ, "ಇನ್ನೂ ಗೊತ್ತಾಗಿಲ್ಲಪಾ. ನೀ ಅಲ್ಲೇ ಬ್ಯಾರೇ ಕಡೆ ಕೇಳೂದ ಬಿಡಬ್ಯಾಡ" ಎಂದರು. ಅಷ್ಟು ಹೇಳುವಾಗ ಅವರ ದನಿ ನಡುಗಿತು. ಆ ದನಿಯನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಆಮೇಲೆ ಅವರಿಗೆ ಥಟ್ಟನೆ ನೆನಪಾಯಿತು. ಅಥಣಿಯ ಚಹಾದಂಗಡಿ!

ಹಬ್ಬವಾದರೂ ಚಹಾದಂಗಡಿ ತೆರೆದಿತ್ತು. ಮಾಮಾನ ಫೋನು ಹೋಗುತ್ತಲೇ ಅಂಗಡಿಯವರು ಒಲೆಯ ಮೇಲಿನ ಹಾಲು ಇಳಿಸಿ, ಎದುರಿನ ಚಪ್ಪಲಿ ಅಂಗಡಿಯ ಬಾಗಿಲು ತೆಗೆದು, ಉಳಿ, ಸುತ್ತಿಗೆಗಳ ನಡುವೆ ಹೂ ಹೊತ್ತು ಕೂತಿದ್ದ ಪೆಟ್ಟಿಗೆಯನ್ನು ಎಬ್ಬಿಸಿದರು. ಮೂರನೆಯ ಚುಕ್ಕೆ ಹಸಿರಾಯಿತು. ಹೆಸರುಗಳು ಬಂದವು. ಮಂಗಸೂಳಿಯ ದ್ರಾಕ್ಷಿ ತೋಟದವರೊಬ್ಬರು, ಓ ನೆಗೆಟಿವ್, ಕೊಡಬಲ್ಲರು. ಮಿರಜಿಗೆ ಅಲ್ಲಿಂದ ಬಹಳ ದೂರವಿಲ್ಲ. ಮಾಮಾ ಮಾತು ಮುಗಿಸುವುದರೊಳಗೆ ಅವರು ಬೈಕಿನ ಕೀಲಿಕೈ ಹುಡುಕುತ್ತಿರುವುದು ಫೋನಿನಲ್ಲಿ ಕೇಳುತ್ತಿತ್ತು.

ಮಾಮಾ ಫೋನ್ ಹಿಡಿದು ಅಂಗಳದಲ್ಲಿ ಶತಪಥ ತಿರುಗತೊಡಗಿದರು. ಒಳಗೆ ಮಾಮಿ ನನಗೆ ಚಹಾ ಸೋಸಿಕೊಟ್ಟು, ಯಾವತ್ತೂ ಹೇಳದ್ದನ್ನು ಹೇಳಿದರು.

"ನೀ ಹುಟ್ಟಿದ ದಿನಾನೂ ಹಿಂಗ ಆಗಿತ್ತವಾ. ರಕ್ತಾ ಕೊಡೂ ಮಂದಿ ಹೆಸರು ಬರದಿಟ್ಟದ್ದು ಒಂದ ಕಡೆ. ಆ ಕಪಾಟಿಗೆ ಕೀಲಿಕೈ ಒಂದ. ಅದನ್ನ ಕಿಸೇದಾಗ ಇಟ್ಕೊಂಡಾಂವ ಯಾವುದೋ ಲಗ್ನಕ್ಕ ಹೋಗಿದ್ದ. ನಿಮ್ಮ ಮಾಮಾ ಸಾಯ್ಕಲ್ ಹೊಡಕೊಂಡ ಆ ಊರಿಗೆ ಹೋಗಿ, ಅವನ್ನ ಹುಡುಕಿ, ಕೀಲಿಕೈ ತಂದ್ರು. ತಂದ್ರಷ್ಟ. ಅಷ್ಟೊತ್ತಿಗೆ ನಿಮ್ಮವ್ವ ಇರಲಿಲ್ಲ." ಮಾಮಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಒಬ್ಬಾಕಿನ ತಂಗಿ ಇದ್ಲು."

ನಾನು ಚಹಾ ಕುಡಿಯಲಿಲ್ಲ. ಐದು ಕೀಲಿಕೈ, ಊರೆಲ್ಲ ಹಂಚಿದ ಛತ್ರಿ, ಕ್ಷೌರದ ಅಂಗಡಿಯ ಕನ್ನಡಕ, ಇಷ್ಟು ವರ್ಷ ನಾನು ಹೇಳಿ ಹೇಳಿ ಮಂದಿಯನ್ನು ನಗಿಸಿದ್ದೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು. ಕಿಟಕಿಯಿಂದ ನೋಡಿದೆ. ಮಾಮಾ ಇನ್ನೂ ತಿರುಗುತ್ತಲೇ ಇದ್ದರು.

ದೀಪ ಹಚ್ಚುವ ಹೊತ್ತಿಗೆ ಪಾಲಬಾವಿಯವನ ಫೋನ್ ಬಂತು. ತಂಗಿ ಕಣ್ಣು ತೆರೆದಿದ್ದಾಳೆ, ಕೂಸೂ ಆರಾಮ ಇದೆ. ಮಾಮಾ "ಹಂ" ಎಂದರು. ಆಮೇಲೆ ಕಟ್ಟೆಯ ಮೇಲೆ ಕುಳಿತು, ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಹಾಗೆಯೇ ಇದ್ದರು. ಮಾಮಿ ಹೋಗಿ ಪಕ್ಕದಲ್ಲಿ ಕುಳಿತರು.

ಮರುದಿನ ಬನ್ನಿ ಕೊಟ್ಟು, ಕಾಲಿಗೆ ನಮಸ್ಕಾರ ಮಾಡಿ ನಾನು ಕಾಗವಾಡಕ್ಕೆ ಮರಳಿದೆ. ಅದರ ಮರುದಿನ ಬೆಳಿಗ್ಗೆ ರೊಟ್ಟಿ ಡಬ್ಬಿಗೆ ಹಾಕುವ ಹೊತ್ತಿಗೆ ಸರಿಯಾಗಿ ಫೋನು.

"ಅದೀಯೇನವಾ?"

ಅಂದು ಮೊದಲ ಸಲ ನನಗೊಂದು ಪ್ರಶ್ನೆ ಹೊಳೆಯಿತು. ಪೆಟ್ಟಿಗೆಗಳು ಒಂದನ್ನೊಂದು ತಾವೇ ಕೇಳಿಕೊಳ್ಳುತ್ತವೆ ಎಂದು ಹೇಳಿದವರು ಇವರೇ ಅಲ್ಲವೇ? ಚಿಕ್ಕೋಡಿಯಲ್ಲಿ ಕುಳಿತರೆ ಐದರ ಸುದ್ದಿಯೂ ಪರದೆಯ ಮೇಲೆ ಬರುತ್ತದಲ್ಲ? ಮತ್ತೆ ಈ ಫೋನು ಯಾತಕ್ಕೆ?

"ಮಾಮಾ, ಪೆಟಗಿ ಐತೋ ಇಲ್ಲೋ ನಿಮಗ ಅಲ್ಲೇ ಕಾಣ್ತೈತಲ್ರಿ. ದಿನಾ ಯಾಕ ಫೋನ್ ಮಾಡ್ತೀರಿ?"

"ಪೆಟಗಿ ಕಾಣ್ತೈತಿ ಬೇ" ಎಂದರು ಮಾಮಾ. "ನೀ ಕಾಣಂಗಿಲ್ಲಲ್ಲ."

ಎಲ್ಲವನ್ನೂ ಐದೈದು ಮಾಡಿಟ್ಟ ನಮ್ಮ ಮಾಮಾನ ಹತ್ತಿರ ತಂಗಿಯ ಗುರುತಾಗಿ ಉಳಿದದ್ದು ನಾನೊಬ್ಬಳೇ. ನನ್ನಂಥ ಇನ್ನೊಂದನ್ನು ಅವರು ಎಲ್ಲಿಯೂ ಎತ್ತಿಟ್ಟಿಲ್ಲ. ಒಲೆಯ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ಕಣ್ಣು ತುಂಬಿ ನನಗೆ ಅದು ಕಾಣಿಸಲೇ ಇಲ್ಲ.

"ಅದೀನ್ರಿ ಮಾಮಾ" ಎಂದೆ. "ಇಲ್ಲೇ ಅದೀನಿ."

"ಹಂ" ಎಂದರು. ಆದರೆ ಅಂದು ಫೋನ್ ಇಡಲಿಲ್ಲ.